ದಮ್ಮಿದ್ದವರ ಮನೆಗೆ ನಾಯಿ ಬರಬಹುದೇ?

ಪ್ರಶ್ನೆ: ನಮ್ಮ ಓಣಿ ನಾಯಿ ದೀಪಾವಳಿ ಹೊತ್ತಿಗಿ ಮರಿ ಹಾಕ್ಯಾದ. ಅದರಾಗಿನ ಒಂದು ಕುನ್ನಿ ನಮ್ಮ ಮನಿ ಕಟ್ಟಿ ಬಿಟ್ಟು ಹೋಗವಲ್ದು. ಆರನೇತ್ತೆ ಓದೋ ನನ್ನ ಮಗಳು ಅದನ್ನ ಒಳಗ ತಂದು ಸಾಕೂಣು ಅಂತ ಹಟ ಹಿಡದಾಳ. ನನಗ ಸಣ್ಣಕ್ಕಿದ್ದಾಗಿಂದ ಸೀನು, ಮೂಗು ಸೋರೂದು ಅದ. ಬೆಕ್ಕು ಮಗ್ಗಲಕ ಬಂದ್ರ ಕಣ್ಣು ತುರಸ್ತಾವ. ತೊಗರಿ ರಾಶಿ ಮುಂದ ದಮ್ಮು ಹತ್ತತದ; ಎರಡು ಸಲ ಕಲಬುರಗಿ ದವಾಖಾನ್ಯಾಗ ಇಟ್ಟಿದ್ರು. ‘ನಾಯಿ ಕೂದಲಾ ಹೊಟ್ಟ್ಯಾಗ ಹೋದ್ರ ದಮ್ಮು ಹೆಚ್ಚಾಗ್ತದ’ ಅಂತ ನಮ್ಮ ಅತ್ತಿ ಹೆದರಸ್ತಾರ. ಮೊಬೈಲಿನಾಗ ನೋಡಿದ್ರ ಅಲರ್ಜಿನೇ ಆಗದಂಥ ನಾಯಿ ಮಾರಲಿಕ್ಕೆ ಇಟ್ಟಾರ. ನಾಯಿ ಸಾಕಬೇಕೋ ಬ್ಯಾಡೋ, ನೀವೇ ಹೇಳ್ರಿ.
— ಓದುಗರು, ಐನಾಪುರ, ಚಿಂಚೋಳಿ ತಾಲ್ಲೂಕು

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿ ಕುನ್ನಿಯ ಮಾತು ಹೆಚ್ಚು, ನಿಮ್ಮ ಉಸಿರಿನ ಮಾತು ಎರಡೇ ಸಾಲು. ನನಗೆ ಆತಂಕ ಹುಟ್ಟಿಸಿದ್ದು ಆ ಎರಡು ಸಾಲು. ದಮ್ಮು ಹೆಚ್ಚಾಗಿ ಎರಡು ಸಲ ಆಸ್ಪತ್ರೆ ಸೇರಿದವರು ನೀವು. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕುನ್ನಿಯನ್ನು ಸದ್ಯಕ್ಕೆ ಮನೆಯೊಳಗೆ ತರಬೇಡಿ. ಅದು ಕಟ್ಟೆಯ ಮೇಲೆಯೇ ಬೆಳೆಯಲಿ, ಮಗಳು ರೊಟ್ಟಿ ಹಾಲು ಹಾಕಲಿ, ಅದಕ್ಕೆ ಸಿಗಬೇಕಾದ ಸೂಜಿ-ಔಷಧಿ ಸಿಗಲಿ. ನಿಮ್ಮ ದಮ್ಮು ಹತೋಟಿಗೆ ಬಂದು, ನಿಮ್ಮ ಮೈಗೆ ಯಾವುದು ಆಗುವುದಿಲ್ಲ ಎಂಬುದು ಪರೀಕ್ಷೆಯಿಂದ ತಿಳಿದ ಮೇಲೆ ಹೊಸಿಲು ದಾಟಿಸುವ ಮಾತು.

‘ಅಲರ್ಜಿ ಇದ್ದರೆ ಸಾಕಲೇಬೇಡಿ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರೂ ಇದ್ದಾರೆ, ‘ಸಾಕಿ, ರೂಢಿ ಆಗಿಬಿಡುತ್ತದೆ’ ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ನಿಮಗೆ ಉಪಯೋಗಕ್ಕೆ ಬಾರದು. ಯಾರಿಗೆ ಅಲರ್ಜಿ, ಯಾವುದರ ಅಲರ್ಜಿ, ಎಂಥ ಮನೆ, ಯಾವ ನಾಯಿ ಎಂಬ ನಾಲ್ಕನ್ನೂ ಕೂಡಿಸಿ ನೋಡದೆ ತೀರ್ಮಾನ ಸಾಧ್ಯವಿಲ್ಲ. ಅದೂ ಪ್ರಾಣಿ ಮನೆಗೆ ಬರುವ ಮೊದಲೇ ಆಗಬೇಕು.

ಮೊದಲು ನಿಮ್ಮ ಅತ್ತೆಯವರ ಮಾತು. ಇದು ನಮ್ಮ ಕಡೆ ಮನೆಮನೆಯಲ್ಲೂ ಕೇಳಿಬರುವ ಮಾತು. ಅವರ ಎಚ್ಚರ ಸರಿಯಾಗಿದೆ, ಹೇಳುವ ಕಾರಣ ಮಾತ್ರ ಬೇರೆ. ಹೊಟ್ಟೆಗೆ ಹೋದ ಒಂದೆರಡು ಕೂದಲು ಕರಗದೆ ಹಾಗೆಯೇ ಹೊರಗೆ ಹೋಗುತ್ತದೆ, ಅದರಿಂದ ದಮ್ಮು ಬರುವುದಿಲ್ಲ. ಕಾಡುವುದು ಪ್ರಾಣಿಯ ಜೊಲ್ಲು, ಮೂತ್ರ, ಚರ್ಮದ ಜಿಡ್ಡು ಮತ್ತು ಮೈಯಿಂದ ಉದುರುವ ಹೊಟ್ಟಿನಲ್ಲಿರುವ ಕೆಲವು ಪ್ರೋಟೀನುಗಳು. ಅವು ಹೋಗುವ ದಾರಿ ಹೊಟ್ಟೆಯದಲ್ಲ, ಮೂಗು ಮತ್ತು ಎದೆಯದು. ಬೆಕ್ಕಿನಲ್ಲಿರುವ ಮುಖ್ಯ ಪ್ರೋಟೀನಿಗೆ ಫೆಲ್ ಡಿ 1 ಎಂದು ಹೆಸರು. ನಾಯಿಯಲ್ಲಿ ಕ್ಯಾನ್ ಎಫ್ 1, ಕ್ಯಾನ್ ಎಫ್ 2 ಎಂದು ಶುರುವಾಗಿ ಹಲವು ಇವೆ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತದೆ. ಜೊಲ್ಲು ಕೂದಲ ಮೇಲೆ ಒಣಗಿ, ಕಣ್ಣಿಗೆ ಕಾಣದಷ್ಟು ನುಣ್ಣನೆಯ ಪುಡಿಯಾಗಿ ಗಾಳಿಗೆ ಸೇರಿ ಗಂಟೆಗಟ್ಟಲೆ ತೇಲುತ್ತದೆ. ಬಟ್ಟೆಗೆ ಅಂಟಿ ಶಾಲೆ, ಬಸ್ಸು, ಬೆಕ್ಕೇ ಇಲ್ಲದ ಮನೆಗಳಿಗೂ ಹೋಗುತ್ತದೆ. ಬೆಕ್ಕನ್ನು ಮನೆಯಿಂದ ಕಳಿಸಿಬಿಟ್ಟ ಕುಟುಂಬಗಳ ಮನೆಯ ಧೂಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದರು. ಆ ಪ್ರೋಟೀನು ಬೆಕ್ಕಿಲ್ಲದ ಮನೆಯ ಮಟ್ಟಕ್ಕೆ ಇಳಿಯಲು ಹೆಚ್ಚಿನ ಮನೆಗಳಲ್ಲಿ 20ರಿಂದ 24 ವಾರ ಹಿಡಿದಿತ್ತು. ‘ತಂದು ನೋಡೋಣ, ಆಗದಿದ್ದರೆ ಬಿಟ್ಟರಾಯಿತು’ ಎಂಬ ಲೆಕ್ಕ ಇಲ್ಲಿಯೇ ಸೋಲುತ್ತದೆ. ಪ್ರಾಣಿ ಹೋದರೂ ಅದರ ಪುಡಿ ಐದಾರು ತಿಂಗಳು ಮನೆಯಲ್ಲೇ ಇರುತ್ತದೆ.

ಈ ಪ್ರೋಟೀನುಗಳು ವಿಷವೇನೂ ಅಲ್ಲ. ಹತ್ತು ಜನರಲ್ಲಿ ಎಂಟೊಂಬತ್ತು ಮಂದಿಗೆ ಏನೂ ಆಗುವುದಿಲ್ಲ. ಉಳಿದವರ ರಕ್ತದಲ್ಲಿ ಈ ಪ್ರೋಟೀನಿಗೆಂದೇ ಐಜಿಇ ಎಂಬ ಪ್ರತಿಕಾಯ ತಯಾರಾಗಿರುತ್ತದೆ. ಅದನ್ನು ಗುರುತಿಸಿದವರು ಜಪಾನಿನ ಇಶಿಝಾಕಾ ದಂಪತಿ, 1966ರಲ್ಲಿ. ಹೊಲ ಕಾಯುವವನು ಕಾಡುಹಂದಿ ಬಂದಾಗ ಎಬ್ಬಿಸಬೇಕಾದ ಗದ್ದಲವನ್ನು ಗುಬ್ಬಿ ಕೂತರೂ ಎಬ್ಬಿಸಿದ ಹಾಗೆ, ಮೈ ತನಗೆ ಕೇಡು ಮಾಡದ ಪುಡಿಯ ಮೇಲೆ ಏರಿಹೋಗುತ್ತದೆ. ಆ ಗದ್ದಲದಲ್ಲಿ ಬಿಡುಗಡೆಯಾಗುವ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳಿಂದಲೇ ಸೀನು, ಕಣ್ಣುರಿ, ತುರಿಕೆ. ಶ್ವಾಸನಾಳಗಳು ಊದಿ ಬಿಗಿದರೆ ದಮ್ಮು.

ಬೆಕ್ಕು ಹತ್ತಿರ ಬಂದರೆ ಕಣ್ಣು ತುರಿಸುತ್ತದೆ ಎಂದಿದ್ದೀರಿ, ಅಂದರೆ ಬೆಕ್ಕಿನ ಅಲರ್ಜಿ ನಿಮಗಿರುವ ಸಾಧ್ಯತೆ ಹೆಚ್ಚು. ಅಷ್ಟರಿಂದ ನಾಯಿಯ ಅಲರ್ಜಿಯೂ ಇದೆ ಎನ್ನಲಾಗದು. ಎರಡೂ ಇರುವವರು ಬಹಳ, ಒಂದೇ ಇರುವವರೂ ಉಂಟು. ಆ ಕುನ್ನಿ ಆಗಲೇ ನಿಮ್ಮ ಕಟ್ಟೆಯ ಮೇಲಿದೆಯಲ್ಲ, ಅದರ ಮೈ ಸವರಿದ ದಿನ ನಿಮಗೆ ಏನಾಯಿತು ಎಂದು ಪತ್ರದಲ್ಲಿ ಬರೆದಿಲ್ಲ. ಅದನ್ನು ನೆನಪು ಮಾಡಿಕೊಳ್ಳಿ, ವೈದ್ಯರು ಮೊದಲು ಕೇಳುವುದೇ ಅದನ್ನು.

ಇನ್ನು ತೊಗರಿ ರಾಶಿಯ ಮಾತು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಸುಳಿವು ಕಂಡದ್ದು ಇಲ್ಲಿ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿ ನಮ್ಮ ಹೆಮ್ಮೆ. ಆದರೆ ಡಿಸೆಂಬರ್-ಜನವರಿಯಲ್ಲಿ ರಾಶಿ ಯಂತ್ರ ಕಣಕ್ಕೆ ಬಂದರೆ ಚಿಂಚೋಳಿ, ಸೇಡಂ, ಚಿತ್ತಾಪುರದ ಹಳ್ಳಿಗಳ ಗಾಳಿಯೇ ಬದಲಾಗುತ್ತದೆ. ಹೊಟ್ಟಿನ ಧೂಳು, ಅದರ ಜೊತೆಗೆ ಬೂಷ್ಟಿನ ಬೀಜಕಣ, ಹೊಲದ ಬದುವಿನ ಕಾಂಗ್ರೆಸ್ ಕಸದ ಪುಡಿ, ಬೆಳಗಿನ ಚಳಿ, ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹಬ್ಬುವ ನೆಗಡಿ ಎಲ್ಲವೂ ಒಂದೇ ತಿಂಗಳಲ್ಲಿ ಬರುತ್ತವೆ. ಇವುಗಳಲ್ಲಿ ಯಾವುದು ನಿಮ್ಮನ್ನು ಆಸ್ಪತ್ರೆಗೆ ಕಳಿಸಿತು? ಕಳಿಸಿದ್ದು ನಾಯಿಯಂತೂ ಅಲ್ಲ, ಆಗ ನಾಯಿಯೇ ಇರಲಿಲ್ಲ.

ಕಾಂಗ್ರೆಸ್ ಕಸವನ್ನು, ಅಂದರೆ ಪಾರ್ಥೇನಿಯಂ ಅನ್ನು, ಹಗುರವಾಗಿ ನೋಡಬೇಡಿ. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಗಿಡ ಈಗ ನಮ್ಮ ಪ್ರತಿ ರಸ್ತೆಯ ಅಂಚಿನಲ್ಲೂ ಇದೆ. ಬೆಂಗಳೂರಿನಲ್ಲಿ ಇದನ್ನು ಅಧ್ಯಯನ ಮಾಡಿದವರು 1991ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಲ್ಲಿನ ಜನರಲ್ಲಿ ಸುಮಾರು ಶೇ 7ರಷ್ಟು ಮಂದಿಗೆ ಇದರ ಪರಾಗದಿಂದಲೇ ಮೂಗಿನ ಅಲರ್ಜಿ ಇತ್ತು. ಬಳ್ಳಾರಿ ಜಾಲಿಯ ಪರಾಗವೂ ಇಂಥದ್ದೇ. ಹೊಲ, ಬದು, ತಿಪ್ಪೆ ಸುತ್ತಿ ಬಂದ ನಾಯಿ ಇವನ್ನೆಲ್ಲ ಮೈಗೆ ಹಚ್ಚಿಕೊಂಡೇ ಬರುತ್ತದೆ. ನಾಯಿಯ ಅಲರ್ಜಿ ಇಲ್ಲದವರೂ ನಾಯಿ ಮೈ ಕೊಡವಿದ ಕೂಡಲೇ ಸೀನುವುದಕ್ಕೆ ಇದೊಂದು ಕಾರಣ.

ಎಲ್ಲ ಧೂಳೂ ಅಲರ್ಜಿ ತರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ವಾಡಿ, ಸೇಡಂ, ಮಳಖೇಡದ ಸಿಮೆಂಟಿನ ಧೂಳು, ಶಹಾಬಾದ, ಚಿತ್ತಾಪುರದ ಕಲ್ಲುಗಣಿಯ ಪುಡಿ, ಒಲೆಯ ಹೊಗೆ, ಊದುಬತ್ತಿ ಹೊಗೆ ಇವು ಶ್ವಾಸನಾಳವನ್ನು ನೇರವಾಗಿ ಕೆರಳಿಸುತ್ತವೆ. ಇವುಗಳನ್ನು ಯಾವ ಅಲರ್ಜಿ ಪರೀಕ್ಷೆಯೂ ತೋರಿಸುವುದಿಲ್ಲ. ಆಗಲೇ ಕೆರಳಿ ಕೂತ ಎದೆಗೆ ನಾಯಿಯ ಪುಡಿ ಸ್ವಲ್ಪವೇ ತಾಗಿದರೂ ಸಾಕಾಗುತ್ತದೆ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು 20,000 ಮಕ್ಕಳನ್ನು ನೋಡಿ ಕೊಟ್ಟ ಲೆಕ್ಕದಲ್ಲಿ ಮಕ್ಕಳ ಅಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5ಕ್ಕೆ ಏರಿತ್ತು. ಅವರು ಅದರ ಜೊತೆ ಇಟ್ಟು ನೋಡಿದ್ದು ನಗರದ ಬೆಳವಣಿಗೆಯನ್ನು, ವಾಹನಗಳ ಹೊಗೆಯನ್ನು. ಮನೆಯಲ್ಲಿ ದಮ್ಮು ಬಂದಾಗ ಮೂಲೆಯಲ್ಲಿ ಮಲಗಿದ ಪ್ರಾಣಿಯ ಕಡೆ ಬೆರಳು ತೋರಿಸುವುದು ಸುಲಭ. ಎಷ್ಟೋ ಮನೆಗಳಲ್ಲಿ ತಪ್ಪು ಒಲೆಯದ್ದು, ಹಾಸಿಗೆಯದ್ದು, ಹೊಲದ್ದು.

ಊಹೆಯಲ್ಲಿ ಕಾಲ ಕಳೆಯದೆ ಪರೀಕ್ಷೆ ಮಾಡಿಸಿ. ಚರ್ಮದ ಪರೀಕ್ಷೆಯಲ್ಲಿ ಮುಂಗೈ ಮೇಲೆ ಒಂದೊಂದು ಅಲರ್ಜಿಕಾರಕದ ಹನಿ ಇಟ್ಟು, ಅದರೊಳಗೆ ಸಣ್ಣಗೆ ಚುಚ್ಚುತ್ತಾರೆ. 15-20 ನಿಮಿಷದಲ್ಲಿ ಯಾವ ಹನಿಯ ಕೆಳಗೆ ದದ್ದು ಎದ್ದಿತೋ ಅದಕ್ಕೆ ನಿಮ್ಮ ಮೈ ಕೆರಳುತ್ತದೆ ಎಂದರ್ಥ. ರಕ್ತದಲ್ಲಿ ಐಜಿಇ ಅಳೆಯುವ ಪರೀಕ್ಷೆಯೂ ಇದೆ. ಚರ್ಮದ ಪರೀಕ್ಷೆಗೆ ಹೋಗುವ ವಾರದಲ್ಲಿ ಸೀನಿನ ಗುಳಿಗೆ ನುಂಗಿದ್ದರೆ ಫಲಿತಾಂಶ ತಪ್ಪಾಗಬಹುದು, ಯಾವುದನ್ನು ಎಂದಿನಿಂದ ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿ. ದಮ್ಮಿನ ಔಷಧವನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಕಲಬುರಗಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಎದೆರೋಗ ಅಥವಾ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ ವಿಚಾರಿಸಿ. ನಾಯಿ, ಬೆಕ್ಕು, ಧೂಳುಹುಳ, ಜಿರಲೆ, ಬೂಷ್ಟು, ಪಾರ್ಥೇನಿಯಂ ಇಷ್ಟನ್ನಾದರೂ ನೋಡಲು ಹೇಳಿ. ಒಂದು ಎಚ್ಚರ: ಪರೀಕ್ಷೆಯಲ್ಲಿ ದದ್ದು ಎದ್ದ ಮಾತ್ರಕ್ಕೆ ಅದೇ ನಿಮ್ಮ ರೋಗದ ಕಾರಣ ಎಂದಾಗದು. ದದ್ದು ಎದ್ದೂ ಏನೂ ತೊಂದರೆ ಇಲ್ಲದವರಿದ್ದಾರೆ. ನಿಮ್ಮ ಅನುಭವವನ್ನೂ ಪರೀಕ್ಷೆಯನ್ನೂ ಒಟ್ಟಿಗೆ ಇಟ್ಟು ನೋಡುವ ವೈದ್ಯರು ಬೇಕು.

ಅದಕ್ಕೂ ಮೊದಲು ಆಗಬೇಕಾದದ್ದು ದಮ್ಮಿನ ಹತೋಟಿ. ಪಂಪು (ಇನ್ಹೇಲರ್) ಅಂದರೆ ನಮ್ಮ ಕಡೆ ಇನ್ನೂ ಹೆದರಿಕೆ. ಚಟ ಆಗುತ್ತದೆ, ಕೊನೆಗಾಲದ ಔಷಧ ಎಂದೆಲ್ಲ ಮಾತು. ಮದುವೆಗೆ ಬಂದ ಹುಡುಗಿ ಪಂಪನ್ನು ಮುಚ್ಚಿಡುತ್ತಾಳೆ. ಆದರೆ ಗುಳಿಗೆಯಲ್ಲಿ ಸ್ಟೀರಾಯ್ಡು ಮಿಲಿಗ್ರಾಂ ಲೆಕ್ಕದಲ್ಲಿ ಹೊಟ್ಟೆ ಸೇರಿ ಇಡೀ ಮೈಗೆ ಹರಡುತ್ತದೆ, ಪಂಪಿನಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ಎದೆಗೆ ಹೋಗುತ್ತದೆ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ. ದಿನವೂ ತಪ್ಪದೆ ಎಳೆದುಕೊಳ್ಳುವ ಪಂಪು ದಮ್ಮು ಬರದಂತೆ ತಡೆಯುತ್ತದೆ. ದಮ್ಮು ಹತ್ತಿದಾಗ ಮಾತ್ರ ಎಳೆದುಕೊಂಡರೆ ಸಾಲದು.

ನಮ್ಮ ಗಡಿ ತಾಲ್ಲೂಕುಗಳಿಂದ ಮಿರಗದ ದಿನ ಹೈದರಾಬಾದಿಗೆ ಹೋಗಿ ಬತ್ತಿನಿ ಮನೆತನದವರು ಕೊಡುವ ಮೀನಿನ ಮದ್ದು ನುಂಗಿ ಬರುವವರಿದ್ದಾರೆ. ನಾಂಪಲ್ಲಿಯ ಮೈದಾನದಲ್ಲಿ ಆ ದಿನ ಸೇರುವ ಜನರ ನಂಬಿಕೆ ದೊಡ್ಡದು, ಅವರ ಸಂಕಟವೂ ನಿಜ. ಆದರೆ ಆ ಮದ್ದಿನಿಂದ ಅಸ್ತಮಾ ವಾಸಿಯಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಹೋಗಿ ಬಂದವರು ‘ಇನ್ನು ಪಂಪು ಬೇಡ’ ಎಂದು ಎಸೆಯುವುದೇ ಅಪಾಯ. ಮೀನು ನುಂಗಿದ್ದೇನೆ, ಈಗ ನಾಯಿ ಸಾಕಬಹುದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಮೊಬೈಲಿನಲ್ಲಿ ಕಂಡ ‘ಅಲರ್ಜಿ ಆಗದ ನಾಯಿ’ಗೆ ಒಂದು ಕಥೆಯೇ ಇದೆ. ಹವಾಯಿಯಲ್ಲಿ ದೃಷ್ಟಿದೋಷವಿದ್ದ ಒಬ್ಬ ಮಹಿಳೆಗೆ ದಾರಿ ತೋರಿಸುವ ನಾಯಿ ಬೇಕಾಗಿತ್ತು. ಅವರ ಗಂಡನಿಗೆ ನಾಯಿಯ ಅಲರ್ಜಿ. ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಮೊದಲು ಪೂಡಲ್ ನಾಯಿಗಳನ್ನು ತರಬೇತಿಗೆ ಹಚ್ಚಿ ನೋಡಿದರು, ಒಂದೂ ಆ ಕೆಲಸಕ್ಕೆ ಒಗ್ಗಲಿಲ್ಲ. ಕೊನೆಗೆ 1989ರಲ್ಲಿ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿ ಮರಿ ಮಾಡಿಸಿದರು. ಹುಟ್ಟಿದ ಮೂರು ಮರಿಗಳ ಕೂದಲನ್ನೂ ಜೊಲ್ಲನ್ನೂ ಹವಾಯಿಗೆ ಕಳಿಸಿ ಆ ಗಂಡನ ಮೇಲೆ ಪರೀಕ್ಷಿಸಿದಾಗ, ಒಂದು ಮರಿ ಮಾತ್ರ ಅವರಿಗೆ ತೊಂದರೆ ಕೊಡಲಿಲ್ಲ. ಒಂದೇ ತಾಯಿಯ, ಒಂದೇ ಸೂಲಿನ ಮೂರು ಮರಿಗಳಲ್ಲಿ ಒಂದು! ಜಗತ್ತು ಆ ಪರೀಕ್ಷೆಯನ್ನು ಮರೆತು ತಳಿಯ ಹೆಸರನ್ನು ಮಾತ್ರ ಹಿಡಿದುಕೊಂಡಿತು. ಲ್ಯಾಬ್ರಡೂಡಲ್ ಎಂದು ಸಿಕ್ಕಸಿಕ್ಕವರು ಮರಿ ಮಾಡಿ ಮಾರತೊಡಗಿದರು. ಅದನ್ನು ಹುಟ್ಟಿಸಿದ್ದಕ್ಕೆ ಕಾನ್ರನ್ ತಾವೇ ಮುಂದೆ ಬಹಿರಂಗವಾಗಿ ವಿಷಾದ ಹೇಳಿದರು.

2009ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಅವರ ಮನೆಗೆ ಪೋರ್ಚುಗೀಸ್ ವಾಟರ್ ಡಾಗ್ ಬಂದದ್ದೂ ಹಿರಿಯ ಮಗಳ ಅಲರ್ಜಿಯ ಕಾರಣಕ್ಕೆ. ಅಲ್ಲಿಂದ ಇಂಥ ತಳಿಗಳ ಬೇಡಿಕೆ ಇನ್ನೂ ಏರಿತು. ಆಮೇಲೆ, 2011ರಲ್ಲಿ, ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು ನಾಯಿ ಸಾಕಿದ 173 ಮನೆಗಳ ಧೂಳು ತೆಗೆದು ನೋಡಿದರು. ‘ಅಲರ್ಜಿ ಆಗದ’ ತಳಿಯ ಮನೆಗೂ ಮಾಮೂಲಿ ನಾಯಿಯ ಮನೆಗೂ ಕ್ಯಾನ್ ಎಫ್ 1 ಪ್ರಮಾಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅಂಥ ತಳಿಗಳ ಕೂದಲಲ್ಲೇ ಅದು ಹೆಚ್ಚಿತ್ತು. ಆದ್ದರಿಂದ ಆ ಜಾಹೀರಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಮ್ಮ ಮುಧೋಳ ನಾಯಿಗೆ ಕೂದಲು ಬಹಳ ಗಿಡ್ಡ, ಹಾಗೆಂದು ಅದಕ್ಕೂ ವಿನಾಯಿತಿ ಇಲ್ಲ. ಜೊಲ್ಲು, ಚರ್ಮ ಎಲ್ಲ ನಾಯಿಗೂ ಇದೆ.

ಕಾನ್ರನ್ ಅವರ ಆ ಪರೀಕ್ಷೆಯಲ್ಲಿ ನಿಮಗೆ ಬೇಕಾದ ವಿಷಯವೊಂದಿದೆ. ನೋಡಬೇಕಾದದ್ದು ತಳಿಯನ್ನಲ್ಲ, ಈ ನಾಯಿ ಈ ಮನುಷ್ಯರಿಗೆ ಆಗುತ್ತದೆಯೇ ಎಂಬುದನ್ನು. ಹಾಗೆ ನೋಡುವುದಾದರೆ ಅಲರ್ಜಿ ಇರುವವರಿಗೆ ಸಣ್ಣ ಕುನ್ನಿಗಿಂತ ಬೆಳೆದ ನಾಯಿ ಒಳ್ಳೆಯದು. ಕುನ್ನಿಯ ಜೊತೆ ಇಂದು ಏನೂ ಆಗದಿದ್ದರೂ ಅದು ಬೆಳೆದ ಮೇಲೆ ಹಾಗೆಯೇ ಇರುತ್ತದೆ ಎನ್ನಲಾಗದು. ಗಂಡುನಾಯಿಯಲ್ಲಿ ಕ್ಯಾನ್ ಎಫ್ 5 ಎಂಬ ಪ್ರೋಟೀನಿದೆ, ಅದು ಪ್ರಾಸ್ಟೇಟ್ ಗ್ರಂಥಿಯಲ್ಲಿ ತಯಾರಾಗುತ್ತದೆ. ನಾಯಿಯ ಅಲರ್ಜಿ ಇರುವವರಲ್ಲಿ ಸುಮಾರು ಮೂರನೇ ಒಂದರಷ್ಟು ಜನರ ಮೈ ಇದೊಂದಕ್ಕೇ ಕೆರಳುತ್ತದೆ. ಅಂಥವರಿಗೆ ಹೆಣ್ಣುನಾಯಿ ಹೊಂದಿಕೊಳ್ಳಬಹುದು. ದೊಡ್ಡ ಊರಿನ ಪ್ರಯೋಗಾಲಯಗಳಲ್ಲಿ ಪ್ರೋಟೀನನ್ನು ಬಿಡಿಬಿಡಿಯಾಗಿ ನೋಡುವ ರಕ್ತಪರೀಕ್ಷೆ ಇದೆ, ದುಬಾರಿ. ನಿಮ್ಮ ಪರೀಕ್ಷೆಯಲ್ಲಿ ನಾಯಿ ಬಂದರೆ ಮಾತ್ರ ಅದರ ಬಗ್ಗೆ ಕೇಳಿ.

ಮಗಳಿಗೆ ಹೇಳಬೇಕಾದ ಒಂದು ವಿಷಯ. ದನದ ಕೊಟ್ಟಿಗೆ, ನಾಯಿ, ಮಣ್ಣು ಇವುಗಳ ನಡುವೆ ಬೆಳೆದ ಮಕ್ಕಳಿಗೆ ಅಲರ್ಜಿ ಕಡಿಮೆ ಎಂದು ಓದಿದವರು ನಿಮಗೂ ‘ನಾಯಿ ತನ್ನಿ, ಮೈ ಗಟ್ಟಿಯಾಗುತ್ತದೆ’ ಎನ್ನಬಹುದು. ಅಧ್ಯಯನಗಳು ಇವೆ. ಅಮೆರಿಕದಲ್ಲಿ ಮನೆಗೆ ಅಂಟಿದ ಕೊಟ್ಟಿಗೆಯ ಆಮಿಶ್ ಸಮುದಾಯದ ಮಕ್ಕಳಲ್ಲಿ ಅಸ್ತಮಾ ಸುಮಾರು ಶೇ 5, ಯಂತ್ರಗಳ ಬೇಸಾಯ ಮಾಡುವ ಹಟರೈಟ್ ಸಮುದಾಯದ ಮಕ್ಕಳಲ್ಲಿ ಶೇ 21 ಎಂದು 2016ರಲ್ಲಿ ತೋರಿಸಿದ್ದಾರೆ. ಸ್ವೀಡನ್ನಿನಲ್ಲಿ ಹುಟ್ಟಿದ ಮೊದಲ ವರ್ಷ ನಾಯಿಯಿದ್ದ ಮನೆಯ ಮಕ್ಕಳಲ್ಲಿ ಅಸ್ತಮಾ ಒಂದಿಷ್ಟು ಕಡಿಮೆ ಕಂಡಿದೆ. ಇವೆಲ್ಲ ಎಳೆಯ ವಯಸ್ಸಿನ ಮಾತು. ಆಗಲೇ ದಮ್ಮು ಬಂದಿರುವ ತಾಯಿಗೆ ನಾಯಿ ಔಷಧವಾಗುವುದಿಲ್ಲ.

ನಾಯಿ ಬರಲಿ ಬಿಡಲಿ, ಮನೆಯೊಳಗೆ ಈಗಲೇ ಮಾಡಬಹುದಾದ ಕೆಲಸವಿದೆ. ನಮ್ಮ ಭಾಗದ ಮನೆಗಳಿಗೆ ಒಂದು ಅನುಕೂಲ ಉಂಟು. ನೆಲಕ್ಕೆ ಶಹಾಬಾದ ಪರ್ಸಿ. ತಣ್ಣನೆಯ ದೇಶಗಳವರು ಗೋಡೆಯಿಂದ ಗೋಡೆಗೆ ಹಾಸಿದ ಜಮಖಾನೆಯಿಂದ ಪ್ರಾಣಿಯ ಪುಡಿ ತೆಗೆಯಲು ಯಂತ್ರ ಹಿಡಿದು ಒದ್ದಾಡುತ್ತಾರೆ, ನಿಮಗೆ ಒದ್ದೆ ಅರಿವೆ ಸಾಕು. ಕಸಬರಿಗೆಯಿಂದ ಒಣನೆಲ ಗುಡಿಸಬೇಡಿ, ಪುಡಿ ಮೇಲೇಳುತ್ತದೆ. ಗುಡಿಸಲೇಬೇಕಾದರೆ ಆ ಕೆಲಸ ಬೇರೆಯವರು ಮಾಡಲಿ, ಆ ಹೊತ್ತು ನೀವು ಹೊರಗಿರಿ. ತೊಡಕಿರುವುದು ಕೌದಿಯಲ್ಲಿ. ಹಳೆ ಸೀರೆ, ಧೋತರ ಪದರ ಪದರವಾಗಿ ಹೊಲಿದ ಕೌದಿ ನಮ್ಮ ಅವ್ವಂದಿರ ಕೈಕೆಲಸ, ಅದನ್ನು ಬಿಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಆದರೆ ಆ ಪದರಗಳೇ ಧೂಳುಹುಳಕ್ಕೂ ಪ್ರಾಣಿಯ ಪುಡಿಗೂ ಮನೆ. ನೀವು ಹೊದೆಯುವ ಕೌದಿ ತೆಳ್ಳಗಿರಲಿ, ಕುದಿಯುವುದಕ್ಕೆ ಹತ್ತಿರದ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕುವಂತಿರಲಿ. ಎಂಟು-ಹತ್ತು ದಿನಕ್ಕೊಮ್ಮೆ ಹೀಗಾದರೆ ಒಳ್ಳೆಯದು. ಧೂಳುಹುಳ ಬದುಕಲು ತೇವ ಬೇಕು, ನಮ್ಮ ಒಣ ಬೇಸಿಗೆ ಅದಕ್ಕೆ ಆಗುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಎಚ್ಚರ. ರಾಶಿಯ ದಿನಗಳಲ್ಲಿ ಕಣಕ್ಕೆ ಹೋಗಬೇಡಿ, ಹೋಗಲೇಬೇಕಾದರೆ ಮೂಗು-ಬಾಯಿಗೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಇರಲಿ, ಸೀರೆಯ ಸೆರಗು ಸಾಲದು.

ಮಗಳು ಕಟ್ಟೆಯ ಮೇಲೆ ಕುನ್ನಿಯ ಜೊತೆ ಆಡಿ ಬಂದಾಗ ಕೈಕಾಲು ಮುಖ ತೊಳೆದು, ಅಂಗಿ ಬದಲಿಸಿ ನಿಮ್ಮ ಹತ್ತಿರ ಬರಲಿ. ಕುನ್ನಿಯ ಮೈ ತೊಳೆಯುವ, ಒರೆಸುವ ಕೆಲಸ ಮನೆಯ ಬೇರೆಯವರದು. ನಾಯಿಗೆ ಜಳಕ ಮಾಡಿಸಿದರೆ ಪುಡಿ ಕಡಿಮೆಯಾಗುವುದು ನಿಜ, ಆದರೆ ಕೆಲವೇ ದಿನ. ವಾರಕ್ಕೆ ಎರಡು ಸಲವಾದರೂ ತೊಳೆದರೆ ಮಾತ್ರ ಪ್ರಯೋಜನ ಕಂಡಿದೆ. ನಮ್ಮ ಸೋಪು ಅದರ ಚರ್ಮವನ್ನು ಒಣಗಿಸುತ್ತದೆ, ದನದ ದವಾಖಾನಿಯಲ್ಲಿ ಕೇಳಿ ಅದಕ್ಕೆ ತಕ್ಕದ್ದನ್ನು ತನ್ನಿ. ನಾಯಿ ಹೊರಗಿದ್ದರೂ ಪುಡಿ ಒಂದಿಷ್ಟು ಒಳಗೆ ಬಂದೇ ಬರುತ್ತದೆ. ಕುನ್ನಿ ಕಟ್ಟೆಯ ಮೇಲಿದ್ದಾಗಲೇ ನಿಮಗೆ ರಾತ್ರಿ ಕೆಮ್ಮು, ಎದೆ ಬಿಗಿತ ಹೆಚ್ಚಾದರೆ ಉತ್ತರ ಅಲ್ಲೇ ಸಿಕ್ಕಿತು. ಆಗ ಅದನ್ನು ಅಕ್ಕರೆಯಿಂದ ನೋಡಿಕೊಳ್ಳುವ ಇನ್ನೊಂದು ಮನೆ ಹುಡುಕಿ, ಅದೇ ಓಣಿಯಲ್ಲಿ ಸಿಕ್ಕರೆ ಮಗಳಿಗೂ ದೂರವಾಗದು.

ನಾಯಿ ಬೇಡವಾದರೆ ಬೇರೆ ಏನಾದರೂ ಎಂದು ನೀವು ಯೋಚಿಸಬಹುದು. ಪಾರಿವಾಳ ಬೇಡ. ಸಾಕಿದವರಲ್ಲಿ ಕೆಲವರಿಗೆ ಅದರ ಹಿಕ್ಕೆ-ಗರಿಯ ಪುಡಿಯಿಂದ ಶ್ವಾಸಕೋಶವೇ ಗಾಯಗಟ್ಟುವ ಬೇರೊಂದು ರೋಗ ಬರುತ್ತದೆ, ಅದು ದಮ್ಮಿಗಿಂತ ಕಠಿಣ. ಪಂಜರದ ಗಿಳಿ, ನಕ್ಷತ್ರ ಆಮೆ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೊಲದಿಂದಲೂ ಅಲರ್ಜಿ ಬರುತ್ತದೆ. ಗಾಜಿನ ತೊಟ್ಟಿಯ ಮೀನು ನಿಮ್ಮ ಎದೆಗೆ ತೊಂದರೆ ಮಾಡದು, ಮಗಳು ಒಪ್ಪುತ್ತಾಳೋ ಗೊತ್ತಿಲ್ಲ.

ಪರೀಕ್ಷೆಯಲ್ಲಿ ನಾಯಿಯ ಅಲರ್ಜಿ ಇಲ್ಲ ಎಂದಾದರೆ, ಮೂರು-ನಾಲ್ಕು ತಿಂಗಳು ದಮ್ಮು ಹತೋಟಿಯಲ್ಲಿದ್ದರೆ, ವೈದ್ಯರ ಒಪ್ಪಿಗೆ ಪಡೆದು ನಾಯಿಯನ್ನು ಪಡಸಾಲೆಯವರೆಗೆ ಬಿಡಬಹುದು. ಮಲಗುವ ಕೋಣೆಗೆ ಯಾವ ಕಾಲಕ್ಕೂ ಬೇಡ. ಅಲರ್ಜಿ ಇದೆ, ಆದರೆ ಬರೀ ಸೀನಿನಷ್ಟು ಎಂದಾದರೆ ಅಂಗಳದ ನಾಯಿಯಾಗಿ ಉಳಿಯಲಿ. ಅಲರ್ಜಿಯೂ ಇದೆ, ದಮ್ಮನ್ನೂ ಎಬ್ಬಿಸುತ್ತಿದೆ ಎಂದಾದರೆ ಬೇಡವೆಂಬುದೇ ನನ್ನ ಗಟ್ಟಿ ಮಾತು. ಅಲರ್ಜಿಕಾರಕವನ್ನೇ ಸ್ವಲ್ಪ ಸ್ವಲ್ಪವಾಗಿ ಸೂಜಿಯಲ್ಲಿ ಕೊಟ್ಟು ಮೈಯನ್ನು ಒಗ್ಗಿಸುವ ಚಿಕಿತ್ಸೆ 1911ರಿಂದ ಇದೆ. ಅದಕ್ಕೆ ಮೂರರಿಂದ ಐದು ವರ್ಷ ಬೇಕು, ನಾಯಿಯ ಅಲರ್ಜಿಯಲ್ಲಿ ಫಲ ಅಷ್ಟು ಖಚಿತವಲ್ಲ, ಹತೋಟಿಯಲ್ಲಿಲ್ಲದ ದಮ್ಮಿನವರಿಗೆ ಅದನ್ನು ಕೊಡುವಂತೆಯೇ ಇಲ್ಲ.

ಇಷ್ಟು ನಿಧಾನ ಮಾಡಿ ಎಂದು ನಾನು ಹೇಳುವುದು ನಿಮ್ಮ ಸಲುವಾಗಿ ಮಾತ್ರವಲ್ಲ, ಆ ಕುನ್ನಿಯ ಸಲುವಾಗಿಯೂ. ನಮ್ಮ ಜಿಲ್ಲೆಯ ಗಾಣಗಾಪುರಕ್ಕೆ ಹೋದವರಿಗೆ ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿಗಳಿರುವ ಪಟ ಗೊತ್ತು. ಮೈಲಾರಲಿಂಗನ ಒಕ್ಕಲಿನ ಮನೆಗಳಲ್ಲೂ ನಾಯಿಗೆ ಗೌರವವಿದೆ. ಅಂಥ ಸೀಮೆಯಲ್ಲೇ, ಮೂರು ತಿಂಗಳು ಒಳಗೆ ಮಲಗಿಸಿಕೊಂಡ ಮರಿಯನ್ನು ದಮ್ಮು ಬಂತೆಂದು ಚೀಲದಲ್ಲಿ ಹಾಕಿ ಊರ ಹೊರಗೆ ಬಿಟ್ಟು ಬರುತ್ತಾರೆ. ಮನೆಯ ಅನ್ನ ತಿಂದು ಬೆಳೆದ ನಾಯಿಗೆ ಹೊರಗಿನ ಹಿಂಡಿನಲ್ಲಿ ಜಾಗ ಸಿಗುವುದಿಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ ಕೂಡ.

ಕುನ್ನಿ ಒಳಗೆ ಬರಲಿ, ಹೊರಗಿರಲಿ, ರೇಬೀಸ್ ಲಸಿಕೆ ತಪ್ಪಬಾರದು. ಮೂರು ತಿಂಗಳು ತುಂಬಿದಾಗ ಮೊದಲ ಸೂಜಿ, ವೈದ್ಯರು ಹೇಳಿದ ದಿನ ಇನ್ನೊಂದು, ಆಮೇಲೆ ವರ್ಷಕ್ಕೊಂದು. ಜಂತುಹುಳದ ಔಷಧವೂ ಆಗಬೇಕು. ಸಂತಾನ ತಡೆಯ ಶಸ್ತ್ರಚಿಕಿತ್ಸೆಯ ಬಗ್ಗೆ ಊರಿನ ಪಶುವೈದ್ಯರನ್ನು ಕೇಳಿ, ಅಲ್ಲಿ ಆಗದಿದ್ದರೆ ಬೀದರಿನ ಪಶುವೈದ್ಯಕೀಯ ಕಾಲೇಜು ನಿಮಗೆ ದೂರವಲ್ಲ. ಲಸಿಕೆ ಆಗುವ ಮೊದಲು ಮಗಳಿಗೆ ಕುನ್ನಿಯ ಹಲ್ಲೋ ಉಗುರೋ ತಾಗಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿ ಲಸಿಕೆ ಉಚಿತ.

ನಿಮಗೂ ಒಂದು ಮಾತು. ಉಸಿರು ಸಿಗದೆ ಒಂದು ವಾಕ್ಯ ಪೂರ್ತಿ ಆಡಲು ಆಗದಿದ್ದರೆ, ತುಟಿ-ಉಗುರು ನೀಲಿಯಾದರೆ, ಪಂಪು ಎಳೆದರೂ ಇಳಿಯದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ದೀಪಾವಳಿಗೆ ಹುಟ್ಟಿದ ಕುನ್ನಿಗೆ ಮೂರು ತಿಂಗಳು ತುಂಬುವುದು ಹೆಚ್ಚುಕಡಿಮೆ ರಾಶಿ ಮುಗಿಯುವ ಹೊತ್ತಿಗೆ. ಅದನ್ನು ಸೂಜಿಗೆ ಕರೆದೊಯ್ಯುವ ಕೆಲಸ ಮಗಳಿಗೂ ಅವಳ ಅಪ್ಪನಿಗೂ ಇರಲಿ. ನೀವು ಅಲ್ಲಿಯವರೆಗೆ ಕಾಯದೆ, ಈ ವಾರವೇ ಕಲಬುರಗಿಗೆ ಹೋಗಿ ಎದೆ ತೋರಿಸಿಕೊಂಡು ಬನ್ನಿ.